ನಲವತ್ತಕ್ಕೆ ಒಂಬತ್ತು

20 ಜನವರಿ 2025, ಸೋಮವಾರ

ಈ ವಹಿಯನ್ನು ಕೊಟ್ಟವರು ಸಮ್ರೀನ ಮೇಡಂ. ಯಾರಿಗೂ ತೋರಿಸಬೇಕಾಗಿಲ್ಲ, ಮನಸ್ಸಿಗೆ ಬಂದದ್ದು ಬರೆಯಿರಿ, ಹಗುರಾಗುತ್ತದೆ ಎಂದರು. ನನಗೆ ಭಾರವೇ ಇಲ್ಲವಲ್ಲ ಎಂದು ಹೇಳಬೇಕೆಂದಿದ್ದೆ. ಆದರೆ ವಹಿ ಚೆನ್ನಾಗಿತ್ತು, ಗಟ್ಟಿ ರಟ್ಟು, ನುಣುಪಾದ ಹಾಳೆ. ಸುಮ್ಮನೆ ತೆಗೆದುಕೊಂಡೆ.

ಕಂಪನಿಯ ದೊಡ್ಡ ಆಫೀಸಿನಿಂದ ಹುಕುಂ ಬಂದಿದೆ. ಕರೆಂಟಿನ ಸ್ಟೇಷನ್ನುಗಳಲ್ಲಿ ದುಡಿಯುವವರ ಮಾನಸಿಕ ಒತ್ತಡವನ್ನು ಅಳೆಯಬೇಕಂತೆ, ಅಳೆದು ಕಡಿಮೆ ಮಾಡಬೇಕಂತೆ. ಆ ಕೆಲಸವನ್ನು ವಿಜಯಪುರದಲ್ಲಿ ಆಪ್ತಸಮಾಲೋಚನೆ ನಡೆಸುವ ಈ ಮೇಡಂಗೆ ಒಪ್ಪಿಸಿದ್ದಾರೆ. ಇವತ್ತು ಅವರು ಟಿಕೋಟಾ ದಾಟಿ ನಮ್ಮ ಸ್ಟೇಷನ್ನಿನವರೆಗೆ ಟಂಟಂನಲ್ಲಿ ಕುಲುಕಾಡುತ್ತ ಬಂದರು. ಬಂದವರು ಮೊದಲು ಕೇಳಿದ್ದು, ನೀವು ಏನು ಕೆಲಸ ಮಾಡುತ್ತೀರಿ ಅಂತ. ಹನ್ನೊಂದು ವರ್ಷದಲ್ಲಿ ಯಾರೂ ಹೀಗೆ ಕೇಳಿದ್ದಿಲ್ಲ. ಹಳ್ಳಿಗಳಿಗೆ ಹೋಗುವ ಲೈನುಗಳಿಗೆ ಕರೆಂಟು ಬಿಡುವುದು, ತೆಗೆಯುವುದು, ಗಂಟೆಗೊಮ್ಮೆ ರೀಡಿಂಗ್ ಬರೆಯುವುದು, ಉಳಿದ ಹೊತ್ತು ಫೋನೆತ್ತಿ ಬೈಸಿಕೊಳ್ಳುವುದು ಎಂದೆ. ನಕ್ಕರು. ಪ್ಯಾನೆಲ್ಲಿನ ಪಕ್ಕ ಮೊಳೆಗೆ ನೇತುಹಾಕಿದ್ದ ಕೆಂಪು ಫಲಕ ನೋಡಿ ಅದೇನು ಎಂದರು.

"ಲೈನ್‌ಮನ್ ಜಾವೀದ ಕಂಬಾ ಹತ್ತಬೇಕಾದ್ರ ಮೊದಲ ನನಗ ಫೋನ್ ಹಚ್ಚತಾನ್ರಿ. ಲೈನ್ ಕ್ಲಿಯರ್ ಕೊಡ್ರಿ ಅಂತಾನ. ನಾವು ಎಲ್.ಸಿ. ಅಂತೀವಿ. ನಾ ಆ ಲೈನ್ ಬಂದ್ ಮಾಡಿ, ಪುಸ್ತಕದಾಗ ಅವನ ಹೆಸರು, ಟೈಮು ಬರದು, ಈ ಫಲಕ ಸ್ವಿಚ್ಚಿಗೆ ಹಾಕ್ತೀನಿ. ಅವ ಕೆಳಗಿಳದು 'ಆತ್ರಿ ಅಕ್ಕಾರ' ಅನ್ನೂತನಕ ಯಾರ ಏನರ ಅನ್ಲಿ, ಕರೆಂಟ್ ಬಿಡೂದಿಲ್ಲ."

"ಅಕಸ್ಮಾತ್ ಬಿಟ್ರ?"

"ಬಿಡೂದಿಲ್ರಿ," ಎಂದೆ. ಮೇಡಂ ಅದನ್ನು ಬರೆದುಕೊಂಡರು.

ಫಾರ್ಮಿನಲ್ಲಿ ಹತ್ತು ಪ್ರಶ್ನೆ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕಿ, ಒಟ್ಟು ನಲವತ್ತು. ಹೆಚ್ಚು ಬಂದಷ್ಟೂ ಒತ್ತಡ ಹೆಚ್ಚು. ವಾರಕ್ಕೊಂದರಂತೆ ಆರು ವಾರ ಕೊಡಬೇಕು. ನಮ್ಮ ಸ್ಟೇಷನ್ನಿಗೆ ಏಳು ಜನ: ನಾಲ್ವರು ಆಪರೇಟರ್, ಇಬ್ಬರು ಲೈನ್‌ಮನ್, ಒಬ್ಬ ವಾಚ್‌ಮನ್.

ಮೇಡಂ ಹೋದ ಮೇಲೆ ಫಾರ್ಮಿನ ಕಟ್ಟು ಹಾಗೇ ಮೇಜಿನ ಮೇಲೆ ಬಿದ್ದಿತ್ತು. ಎರಡಕ್ಕೆ ಪಾಳಿಗೆ ಬಂದ ಯಲಗೂರಪ್ಪ ಅದನ್ನು ಮುಟ್ಟಲೂ ಇಲ್ಲ. ಅವನು ನನ್ನ ಜೋಡಿ ಆಪರೇಟರ್, ಬಾಯಿ ಸ್ವಲ್ಪ ಕಹಿ.

"ನಲವತ್ತರಾಗ ಮೂವತ್ತ ಬಂತಂದ್ರ ಏನ್ ಮಾಡ್ತಾರ ಗೊತ್ತೈತೇನ್ರಿ? ತಲಿ ಕೆಟ್ಟಾವ ಅಂತ ಫೈಲಿನ್ಯಾಗ ಹಚ್ಚತಾರ. ಪ್ರಮೋಷನ್ ಬಂದಾಗ ಆ ಹಾಳಿನ ಮ್ಯಾಲ ಬರ್ತೈತಿ."

"ನನ್ನ ಕಂಬಾ ಹತ್ತಾಕ ಬಿಡಂಗಿಲ್ಲ ಮತ್ತ," ಎಂದ ಜಾವೀದ. "ಅಕ್ಕಾರ, ಎಲ್ಲಾರದೂ ನೀವ ಬರದಬಿಡ್ರಿ. ನಿಮ್ಮ ಅಕ್ಷರ ಚಂದ ಅದಾವ."

21 ಜನವರಿ

ಬರೆದು ಮುಗಿಸಿದೆ. ಏಳು ಜನ, ಆರು ವಾರ, ನಲವತ್ತೆರಡು ಫಾರ್ಮ್. ಒಂದೇ ಪಟ್ಟಿಗೆ.

ಇದರಲ್ಲಿ ಹೊಸದೇನಿಲ್ಲ. ಲಾಗ್ ಶೀಟಿನಲ್ಲಿ ಗಂಟೆಗೊಮ್ಮೆ ಮೀಟರ್ ನೋಡಿ ಬರೆಯಬೇಕು ಎಂದಿದೆ. ಹನ್ನೊಂದಕ್ಕೇ ಎರಡು ಗಂಟೆಯವರೆಗಿನದನ್ನು ಬರೆದಿಡುವುದು ನಮ್ಮ ರೂಢಿ. ನೂರಾಹತ್ತು ಇದ್ದದ್ದು ನೂರಾಹನ್ನೆರಡಾಗುತ್ತದೆ, ಮತ್ತೇನಾಗಬೇಕಿದೆ? ಕೈಗೆ ಆ ಲೆಕ್ಕ ಕೂತುಬಿಟ್ಟಿದೆ. ಎಲ್ಲವನ್ನೂ ಸೊನ್ನೆ ಮಾಡಿದರೆ ಸುಳ್ಳೆಂದು ಯಾರಿಗಾದರೂ ತಿಳಿಯುತ್ತದೆ. ಯಲಗೂರಪ್ಪನಿಗೆ ಹನ್ನೊಂದು ಕೊಟ್ಟೆ, ದಿನವಿಡೀ ಗೊಣಗುತ್ತಾನಲ್ಲ. ಜಾವೀದನಿಗೆ ಎಂಟು. ನನಗೆ ಒಂಬತ್ತು. ಒತ್ತಡ ಕಡಿಮೆ ಮಾಡಬೇಕೆಂದೂ ಬರೆದಿದ್ದಾರಲ್ಲ, ಅದಕ್ಕೆ ಎರಡನೆಯ ವಾರ ಹಾಗೇ ಬಿಟ್ಟು, ಆಮೇಲೆ ವಾರಕ್ಕೊಂದು ಅಂಕಿ ಇಳಿಸುತ್ತ ಬಂದೆ. ಆರನೆಯ ವಾರಕ್ಕೆ ನಾನು ಐದಕ್ಕಿಳಿದಿದ್ದೇನೆ. ಇಷ್ಟು ಬೇಗ ಯಾವ ಔಷಧವೂ ನಾಟುವುದಿಲ್ಲ.

6 ಫೆಬ್ರವರಿ

ಬಸಗೊಂಡಪ್ಪ ಇವತ್ತು ಐದು ಸಲ ಫೋನ್ ಮಾಡಿದ. ಕಳ್ಳಕವಟಗಿಯ ದ್ರಾಕ್ಷಿ ಬೆಳೆಗಾರ. ಹನ್ನೊಂದು ವರ್ಷದಿಂದ ಬೈಯುತ್ತಾನೆ, ಮುಖ ನೋಡಿಲ್ಲ. ಮೂರು ಫೇಸ್ ಕರೆಂಟು ದಿನಕ್ಕೆ ಏಳು ತಾಸು, ಅದರಲ್ಲಿ ಹತ್ತು ನಿಮಿಷ ಹೋದರೂ ಅವನ ಕರೆ ಬಂದೇ ಬರುತ್ತದೆ.

"ಏನವ್ವಾ, ಇವತ್ತರ ಬಿಡ್ತೀಯೋ, ಇಲ್ಲಾ ನಾನ ಬಂದು ಬಟನ್ ಒತ್ತಲೋ?"

"ಬರ್ರಿ ಕಾಕಾ, ನಿಮಗೂ ಒಂದ ಕುರ್ಚಿ ಹಾಕಿರತೀನಿ. ಬರಮುಂದ ಎರಡ ಕಿಲೊ ದ್ರಾಕ್ಷಿ ತರ್ರಿ."

ನಗುತ್ತ ಫೋನಿಟ್ಟ. ಜನ ಬೈಯುವುದು ನನ್ನನ್ನಲ್ಲ, ಕುರ್ಚಿಯನ್ನು. ಇದನ್ನು ತಿಳಿದುಕೊಂಡರೆ ಈ ಕೆಲಸದಲ್ಲಿ ಎಷ್ಟು ವರ್ಷ ಬೇಕಾದರೂ ಇರಬಹುದು. ಹೊಸದಾಗಿ ಬರುವ ಹುಡುಗಿಯರಿಗೆ ನಾನೇ ಹೇಳಿಕೊಟ್ಟಿದ್ದೇನೆ.

14 ಫೆಬ್ರವರಿ

ಮೊದಲ ಮೂರು ವಾರದ ಫಲಿತಾಂಶ ಬಂತು. ಇಡೀ ವಿಭಾಗದಲ್ಲಿ ಅತಿ ಕಡಿಮೆ ಒತ್ತಡ ನಮ್ಮ ಸ್ಟೇಷನ್ನಿನಲ್ಲಿ. ಸೆಕ್ಷನ್ ಸಾಹೇಬರು ತಾವೇ ಬಂದು ಚೌಕಟ್ಟು ಹಾಕಿಸಿದ ಪ್ರಶಸ್ತಿಪತ್ರ ಕೊಟ್ಟರು, ಪೇಢೆ ಹಂಚಿದರು, ಎಲ್ಲರನ್ನೂ ಪ್ಯಾನೆಲ್ಲಿನ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದರು. ಯಲಗೂರಪ್ಪ ನನ್ನ ಕಿವಿಯಲ್ಲಿ, "ಅಕ್ಕಾರ, ನಮ್ಮ ಹನ್ನೊಂದಕ್ಕ ಇಷ್ಟು ಮರ್ಯಾದಿ ಐತಿ ಅಂತ ಗೊತ್ತಿರಲಿಲ್ಲ" ಎಂದ. ನಗು ತಡೆಯಲಾಗಲಿಲ್ಲ, ಫೋಟೋದಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದೇನೆ.

17 ಫೆಬ್ರವರಿ

ಪೇಢೆ ಜೀರ್ಣವಾಗುವ ಮೊದಲೇ ಆದೇಶ ಬಂತು. ಬಬಲೇಶ್ವರ ಕಡೆಯ ಒಂದು ಸ್ಟೇಷನ್ನಿನಲ್ಲಿ ಒತ್ತಡ ಇಪ್ಪತ್ತೆಂಟು ಬಂದಿದೆಯಂತೆ. ಒತ್ತಡ ಇಲ್ಲದ ಕಡೆಯಿಂದ ಒಬ್ಬ ಆಪರೇಟರನ್ನು ಅಲ್ಲಿಗೆ ಕಳಿಸಬೇಕೆಂದು ಮೇಲಿನವರು ತೀರ್ಮಾನಿಸಿದ್ದಾರೆ. ಯಲಗೂರಪ್ಪ ಹೋಗಬೇಕು. ಅವನ ಜಾಗಕ್ಕೆ ಯಾರೂ ಇಲ್ಲ.

ಅವನು ಬ್ಯಾಗು ತುಂಬಿಕೊಳ್ಳುತ್ತ ನನ್ನ ಕಡೆ ನೋಡದೆ ಹೇಳಿದ. "ಇಪ್ಪತ್ತೊಂದ ಹಾಕಿದ್ರ ಇಲ್ಲೇ ಇರತಿದ್ನಿ."

ನಗಿಸಲು ಹೇಳಿದನೆಂದುಕೊಂಡು ನಕ್ಕೆ. ಅವನು ನಗಲಿಲ್ಲ.

24 ಫೆಬ್ರವರಿ

ಈಗ ಮೂವರೇ ಆಪರೇಟರ್. ವಾರಕ್ಕೆ ನಾಲ್ಕು ದಿನ ನನಗೆ ಬೆಳಿಗ್ಗೆ ಎಂಟರಿಂದ ಸಂಜೆ ಎಂಟು. ವಿಜಯಪುರದ ರೈಲು ಸ್ಟೇಷನ್ ರಸ್ತೆಯ ಹಿಂದಿನ ನಮ್ಮ ಮನೆಯಿಂದ ಆರೂವರೆಗೆ ಹೊರಡುತ್ತೇನೆ. ತಿರುಗಿ ಬಂದಾಗ ಮಗಳು ಕಾವ್ಯಾ ಮಲಗಿರುತ್ತಾಳೆ. ಅತ್ತೆ ಮುಚ್ಚಿಟ್ಟ ಊಟವನ್ನು ನಿಂತೇ ತಿನ್ನುತ್ತೇನೆ, ಕೂತರೆ ಏಳಲಾಗುವುದಿಲ್ಲ.

ಇವತ್ತು ಕರೆಗಳನ್ನು ಎಣಿಸಿದೆ. ನೂರಾ ನಲವತ್ತಮೂರು. ದ್ರಾಕ್ಷಿ ಕೊಯ್ಲು, ಒಣಗಿಸುವ ಶೆಡ್ಡು, ಜೋಳಕ್ಕೆ ಕೊನೆಯ ನೀರು, ಎಲ್ಲ ಒಟ್ಟಿಗೇ ಬಂದಿವೆ. ಅದರ ಮೇಲೆ ಕನಮಡಿ ಲೈನಿನ ಬ್ರೇಕರಿನ, ಅಂದರೆ ಕರೆಂಟು ಬಿಡುವ ದೊಡ್ಡ ಸ್ವಿಚ್ಚಿನ, ಮೋಟರು ಕೆಟ್ಟಿದೆ. ಕರೆಂಟು ಬಿಡುವ ಮೊದಲು ಅದರ ಸ್ಪ್ರಿಂಗು ಬಿಗಿಯಾಗಬೇಕು. ಮೋಟರಿದ್ದರೆ ತಾನೇ ಆಗುತ್ತಿತ್ತು, ಈಗ ಹಿಡಿಕೆ ಹಾಕಿ ಇಪ್ಪತ್ತೈದು ಸಲ ತಿರುಗಿಸಿದ ಮೇಲೆಯೇ ಬಟನ್ ಒತ್ತಬೇಕು. ರಟ್ಟೆ ನೋಯುತ್ತದೆ. ಮೂರು ಸಲ ದೂರು ಬರೆದೆ, ಯಾರೂ ಬಂದಿಲ್ಲ.

ಉಳಿದಂತೆ ಆರಾಮ.

28 ಫೆಬ್ರವರಿ

ರಜೆ. ಕಾವ್ಯಾ ಅಜ್ಜಿಯ ಹಳೆಯ ಫೋನು ಹಿಡಿದು ಆಟ ಆಡುತ್ತಿದ್ದಳು. ಒಳಗಿನಿಂದ ಕೇಳಿಸಿತು.

"ಏನು? ಬಿಟ್ಟಿಲ್ಲ. ಯಾವಾಗ ಬಿಡ್ತೀನೋ ಗೊತ್ತಿಲ್ಲ. ಇಡ್ರಿ ಮೊದಲ."

ಇಷ್ಟು ಬಿರುಸಾದ ದನಿಯನ್ನು ನಾಲ್ಕನೆಯ ಇಯತ್ತೆಯ ಹುಡುಗಿ ಎಲ್ಲಿಂದ ಕಲಿತಳೋ. ಸಾಲಿಯಲ್ಲಿ ಯಾವುದೋ ಟೀಚರದ್ದಿರಬೇಕು. ಅತ್ತೆ ನನ್ನ ಮುಖ ನೋಡಿದರು. ನಗು ಬಂತು ನನಗೆ.

5 ಮಾರ್ಚ್

ರಂಜಾನ್ ಶುರುವಾಗಿದೆ. ಜಾವೀದ ಉಪವಾಸದಲ್ಲೇ ಲೈನ್ ಸುತ್ತುತ್ತಾನೆ. ಈ ವಾರ ಒಂದೇ ಎಲ್.ಸಿ. ತೆಗೆದುಕೊಂಡಿದ್ದಾನೆ. ಲೈನುಗಳು ಚೆನ್ನಾಗಿವೆ ಎಂದಾಯಿತು. ಪುಣ್ಯ. ಲೈನ್ ಬಂದ್ ಆದರೆ ಐವತ್ತು ಕರೆ ಹೆಚ್ಚಿಗೆ ಬರುತ್ತವೆ.

ಬಸಗೊಂಡಪ್ಪ ಈಗ ಫೋನ್ ಮಾಡುವುದಿಲ್ಲ. ಮಗನ ಕೈಯಿಂದ ಮಾಡಿಸುತ್ತಾನೆ. ಒಳ್ಳೆಯದೇ ಆಯಿತು, ಮಾತು ಕಡಿಮೆ.

8 ಮಾರ್ಚ್

ಮಹಿಳಾ ದಿನ. ವಿಜಯಪುರದ ಸಭಾಂಗಣಕ್ಕೆ ಕರೆಸಿದ್ದರು. ಒತ್ತಡ ಕಡಿಮೆ ಮಾಡಿಕೊಂಡ ಮಾದರಿ ಸ್ಟೇಷನ್ನಿನ ಮಾದರಿ ನೌಕರಳಾಗಿ ಐದು ನಿಮಿಷ ಮಾತಾಡಬೇಕಿತ್ತು. ಗುಲಾಬಿ ಕೊಟ್ಟರು. ಜನ ಬೈಯುವುದು ಕುರ್ಚಿಯನ್ನು ಎಂಬ ಮಾತು ಹೇಳಿದೆ, ಚಪ್ಪಾಳೆ ಬಿತ್ತು. ಮುಂದಿನ ಮಾತಿಗೆ ಬಾಯಿ ತೆರೆದಾಗ ಮೊದಲ ಸಾಲಿನಲ್ಲಿ ಯಾರದೋ ಫೋನು ಹೊಡೆದುಕೊಂಡಿತು. ನಾನು ಮೈಕು ಬಿಟ್ಟು ಎರಡು ಹೆಜ್ಜೆ ಮುಂದೆ ಹೋಗಿದ್ದೆ. ಏಕೆ ಹೋದೆನೆಂದು ಜನರಿಗೆ ತಿಳಿಯಲಿಲ್ಲ. ನೀರು ಬೇಕಾಗಿತ್ತು ಎಂದೆ.

ನಾನು ವೇದಿಕೆಯಿಂದ ಕೆಳಗಿಳಿದ ಮೇಲೆ ಸಮ್ರೀನ ಮೇಡಂ ನನ್ನ ಕೈ ಹಿಡಿದು, "ಅನುರಾಧಾ, ನೀವು ಆರಾಮ ಅದೀರಿ?" ಎಂದರು.

"ಒಂಬತ್ತರಿಂದ ಐದಕ್ಕ ಇಳದೀನಲ್ರಿ ಮೇಡಂ."

ಅವರು ಕೈ ಬಿಡಲು ಸ್ವಲ್ಪ ಹೊತ್ತು ತೆಗೆದುಕೊಂಡರು.

12 ಮಾರ್ಚ್

ಏನೂ ಇಲ್ಲ. ಸಾಧಾರಣ.

13 ಮಾರ್ಚ್

ಸಾಧಾರಣ.

14 ಮಾರ್ಚ್

ಅತ್ತೆ ನನ್ನನ್ನು, ನಿನ್ನೆಯಿಂದ ಯಾಕೆ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದೀಯ, ಸುಟ್ಟಿದೆಯೇ ಎಂದು ಕೇಳಿದರು. ಬಿಚ್ಚಿ ತೋರಿಸಿದೆ. ಏನೂ ಆಗಿಲ್ಲ.

16 ಮಾರ್ಚ್, ಭಾನುವಾರ

ಬರೆಯದಿದ್ದರೆ ಎದೆ ಒಡೆಯುತ್ತದೆ. ಯಾರಿಗೂ ತೋರಿಸಬೇಕಾಗಿಲ್ಲ ಎಂದಿದ್ದಾರಲ್ಲ, ಬರೆಯುತ್ತೇನೆ.

ಬುಧವಾರ, ಹನ್ನೆರಡನೆಯ ತಾರೀಕು, ಮಧ್ಯಾಹ್ನ ಮೂರೂ ಹತ್ತು. ಜಾವೀದ ಕನಮಡಿ ಲೈನಿಗೆ ಎಲ್.ಸಿ. ತೆಗೆದುಕೊಂಡಿದ್ದ. ನಾನೇ ಬಂದ್ ಮಾಡಿದ್ದೆ, ನಾನೇ ಪುಸ್ತಕದಲ್ಲಿ ಬರೆದಿದ್ದೆ, ನಾನೇ ಕೆಂಪು ಫಲಕ ಹಾಕಿದ್ದೆ. ಆಮೇಲೆ ಫೋನುಗಳು ಸಾಲುಹಿಡಿದವು. ಒಬ್ಬ ನನ್ನ ತಾಯಿಯನ್ನು ಎತ್ತಿ ಬೈದ. ಒಬ್ಬ ಟ್ರ್ಯಾಕ್ಟರ್ ತುಂಬ ಜನರನ್ನು ತರುತ್ತೇನೆ ಎಂದ. ಸೆಕ್ಷನ್ ಆಫೀಸಿನಿಂದಲೂ ಬಂತು, ಕನಮಡಿ ಯಾಕೆ ಇನ್ನೂ ಬಂದ್ ಇದೆ ಅಂತ. ಬಿಡ್ತೀನಿ ಸಾರ್, ಬಿಡ್ತೀನಿ ಎಂದೆ. ಎದ್ದೆ. ಫಲಕವನ್ನು ತೆಗೆದು ಮೇಜಿನ ಮೇಲಿಟ್ಟೆ. ಹಿಡಿಕೆ ಹಾಕಿ ಸ್ಪ್ರಿಂಗು ತಿರುಗಿಸತೊಡಗಿದೆ.

ಜಾವೀದ ಕಂಬದ ಮೇಲಿದ್ದಾನೆಂಬುದು ನನ್ನ ತಲೆಯಲ್ಲಿ ಇರಲಿಲ್ಲ. ಮರೆತಿದ್ದೆ ಎಂದರೂ ಸರಿಯಲ್ಲ, ಅವನು ಎಂಬುವನೇ ಇರಲಿಲ್ಲ. ಲೈನು ಇತ್ತು, ಫೋನು ಇತ್ತು, ಅಷ್ಟೇ.

ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ಬಂದಿದ್ದೆ. ಫೋನು ಮತ್ತೆ ಹೊಡೆದುಕೊಂಡಿತು. ಬೈಯಬೇಕೆಂದೇ ಎತ್ತಿದೆ.

"ಅಕ್ಕಾರ, ಮ್ಯಾಲ ಅದೀನ್ರಿ. ಇನ್ನ ಹತ್ತ ನಿಮಿಷ ಬೇಕ್ರಿ."

ಹೂಂ ಎಂದೆ. ಕೆಳಗೆ ಕೂತೆ, ನೆಲದ ಮೇಲೆ. ಮೋಟರು ಸರಿಯಿದ್ದಿದ್ದರೆ ಸ್ಪ್ರಿಂಗು ತಾನೇ ಬಿಗಿಯಾಗಿರುತ್ತಿತ್ತು, ನಾನು ಬಟನ್ ಒತ್ತಿರುತ್ತಿದ್ದೆ, ಆ ಫೋನು ಬರುತ್ತಿರಲಿಲ್ಲ. ಅವನನ್ನು ಉಳಿಸಿದ್ದು ಕೆಟ್ಟ ಮೋಟರು. ನಾನಲ್ಲ.

ಯಾರಿಗೂ ಗೊತ್ತಿಲ್ಲ. ಹೇಳಿದರೆ ನನ್ನ ಮೇಲೆ ವಿಚಾರಣೆಯಾಗುತ್ತದೆ. ಹೇಳದಿದ್ದರೆ ಇದೇ ಕುರ್ಚಿ, ಇದೇ ಹನ್ನೆರಡು ತಾಸು. ಮೋಟರಿನ ರಿಪೇರಿಗೆ ನಾಡಿದ್ದು ಜನ ಬರುತ್ತಾರಂತೆ.

18 ಮಾರ್ಚ್

ಮೋಟರು ರಿಪೇರಿ ಮಾಡುವವರು ಬಂದಿದ್ದರು. ಬಿಡಿಭಾಗ ತಂದಿಲ್ಲವೆಂದು ತಿರುಗಿ ಹೋದರು. ಖುಷಿಯಾಯಿತು. ಅಷ್ಟರ ಮಟ್ಟಿಗೆ ಬಂದಿದ್ದೇನೆ.

ಮಾದರಿ ಸ್ಟೇಷನ್ ಎಂದು ಇನ್ನೂ ಆರು ವಾರದ ಫಾರ್ಮು ಕಳಿಸಿದ್ದಾರೆ. ವಾಚ್‌ಮನ್ ಅವನ್ನು ತಂದು ನನ್ನ ಮೇಜಿನ ಮೇಲೇ ಇಟ್ಟ, ರೂಢಿಯಂತೆ.

20 ಮಾರ್ಚ್

ಜಾವೀದ ಇವತ್ತು ಸಂಜೆ ಸಾಮಾನು ಒಯ್ಯಲು ಸ್ಟೇಷನ್ನಿಗೆ ಬಂದಿದ್ದ. ರೋಜಾ ಬಿಡುವ ಹೊತ್ತಾಗಿತ್ತು. ಹೆಂಡತಿ ಜುಲೇಖಾ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿ ಖರ್ಜೂರ ಬಾಯಿಗಿಟ್ಟ, ನನಗೂ ಎರಡು ಕೊಟ್ಟ. ನಾನು ನೀರಿನ ಚೊಂಬು ಮುಂದಿಟ್ಟೆ. ಅವನು ಕುಡಿದು ಮುಗಿಸುವವರೆಗೆ ಕಾದೆ. ಆಮೇಲೆ ಹೇಳಿದೆ. ತಡವರಿಸದೆ, ಒಂದೇ ಉಸಿರಿಗೆ, ಹದಿನೆಂಟು ಸುತ್ತಿನವರೆಗೆ.

ಅವನು ಚೊಂಬಿನ ಕಡೆ ನೋಡುತ್ತ ಕೂತ. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಆವತ್ತರ ಎಲ್.ಸಿ. ತಗೊಂಡಿದ್ನಲ್ರಿ ಅಕ್ಕಾರ," ಎಂದ ಕೊನೆಗೆ.

ಅದರ ಅರ್ಥ ನನಗೆ ಆಗಲಿಲ್ಲ. ಏನಾದರೂ ಮಾಡಬೇಕು, ಕೈಗೆ ಕೆಲಸ ಬೇಕು ಎನಿಸಿತು. ಫಾರ್ಮಿನ ಕಟ್ಟಿನಿಂದ ಒಂದನ್ನು ಎಳೆದೆ. "ಇನ್ನ ನಿಂದು ನಾ ಬರಿಯೂದಿಲ್ಲ. ನಾ ಓದತೀನಿ, ನೀ ಹೇಳು," ಎಂದೆ. ಮೊದಲ ಪ್ರಶ್ನೆ ಓದಿದೆ. ಕಳೆದ ವಾರ ಕೆಲಸದ ವೇಳೆಯಲ್ಲಿ ಎಷ್ಟು ಸಲ ನಿಮಗೆ ಭಯವಾಯಿತು?

"ಕಂಬದ ಮ್ಯಾಲೇನ್ರಿ, ಕೆಳಗೇನ್ರಿ?"

"ಎಲ್ಲೆರ."

"ಕಂಬದ ಮ್ಯಾಲ ಇಲ್ರಿ. ಫೋನ್ ಹಚ್ಚೂಮುಂದ."

"ಯಾರಿಗೆ?"

"ನಿಮಗ್ರಿ."

ಪೆನ್ನು ಹಾಗೇ ಹಿಡಿದಿದ್ದೆ. ಅವನು ತಲೆ ಎತ್ತಲಿಲ್ಲ, ಮೆಲ್ಲಗೆ ಹೇಳುತ್ತ ಹೋದ.

"ಮೊದಲ ನೀವು 'ಹೇಳಪಾ ಜಾವೀದ' ಅಂತಿದ್ರಿ. ಈಗ 'ಏನು' ಅಂತೀರಿ. ಆ ಒಂದ ಮಾತ ಕೇಳಿದ್ನೆಂದ್ರ ನನಗ ತಿಳಿತೈತಿ, ಇವತ್ತ ಅಕ್ಕಾರಗ ಎಷ್ಟ ಮಂದಿ ಬೈದಾರಂತ. ಲೈನ್ ಬಂದ್ ಮಾಡ್ರಿ ಅಂದ್ರ ಇನ್ನಾ ಐವತ್ತ ಮಂದಿ ಬೈತಾರ. ಬಾಯಿ ಬರೂದಿಲ್ರಿ. ಬ್ಯಾರೆ ಏನರ ಕೇಳಿ ಇಟ್ಟಬಿಡ್ತೀನಿ. ಈ ತಿಂಗಳ ಮೂರ ಸಲ ಎಲ್.ಸಿ. ಇಲ್ಲದ ಹತ್ತೀನಿ. ಊರ ಮುಂದಿನ ಸ್ವಿಚ್ ಇಳಿಸಿ ಹತ್ತೂದು. ಯಾರರ ರೈತರು ಬಂದು ಅದನ್ನ ಏರಿಸಿದ್ರ ಅಷ್ಟ."

ಲೈನುಗಳು ಚೆನ್ನಾಗಿವೆ ಎಂದು ಬರೆದಿದ್ದೆ ನಾನು. ಪುಣ್ಯ ಎಂದು ಬರೆದಿದ್ದೆ.

"ಜುಲೇಖಾಗ ಗೊತ್ತೈತೇನು?"

"ಇಲ್ರಿ."

ಸಿಟ್ಟು ಬಂತು, ಅವನ ಕಪಾಳಕ್ಕೆ ಹೊಡೆಯುವಷ್ಟು. ನನ್ನನ್ನು ಉಳಿಸಲು ನೀನು ಯಾರು ಎಂದು ಕೇಳಬೇಕೆನಿಸಿತು. ಕೇಳುವ ಮೊದಲೇ ಅಳು ಬಂದುಬಿಟ್ಟಿತು. ಪ್ಯಾನೆಲ್ಲಿನ ಮುಂದೆ, ಪ್ರಶಸ್ತಿಪತ್ರದ ಕೆಳಗೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಅತ್ತುಬಿಟ್ಟೆ. ನನ್ನ ದನಿ ಹೀಗಾಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಥವಾ ಎಲ್ಲರೂ ಹೇಳುತ್ತಿದ್ದರೋ ಏನೋ.

"ಎಷ್ಟ ಹಾಕ್ಲಿ?" ಎಂದೆ, ಕಣ್ಣೊರೆಸಿಕೊಂಡು.

"ನಾಕ ಹಾಕ್ರಿ."

"ನೀನ ಹಾಕು."

ಪೆನ್ನು ತೆಗೆದುಕೊಂಡು ನಾಲ್ಕು ಬರೆದ. ಹತ್ತೂ ಮುಗಿದಾಗ ಅವನದು ಮೂವತ್ತೊಂದು. ನನ್ನದು ಮೂವತ್ತಾರು.

22 ಮಾರ್ಚ್

ಇಬ್ಬರೂ ಸೆಕ್ಷನ್ ಸಾಹೇಬರ ಎದುರು ಹೋದೆವು. ಎರಡು ಫಾರ್ಮು, ಎರಡು ತಪ್ಪೊಪ್ಪಿಗೆ ಹಾಳೆ. ನನ್ನದರಲ್ಲಿ ಜನವರಿಯ ನಲವತ್ತೆರಡು ಫಾರ್ಮಿನ ವಿಷಯವನ್ನೂ ಬರೆದಿದ್ದೆ. ಸಾಹೇಬರು ಓದಿ ಬಾಗಿಲು ಮುಚ್ಚಿಸಿದರು.

"ಅನುರಾಧಾ ಅವರ, ಇದು ಮ್ಯಾಲ ಹೋತಂದ್ರ ನಿಮ್ಮ ಮ್ಯಾಲ ಚಾರ್ಜ್‌ಶೀಟ್ ಆಕ್ಕೈತ್ರಿ. ಮನಿಗಿ ಒಯ್ದು ಹರದ ಹಾಕ್ರಿ. ನಾನೂ ಓದಿಲ್ಲ."

ನನ್ನದೊಂದೇ ಆಗಿದ್ದರೆ ತಡೆಯುತ್ತಿರಲಿಲ್ಲ. ಜಾವೀದನ ಹಾಳೆ ನೋಡಿ ಹಿಂಜರಿದೆ. ಎಲ್.ಸಿ. ಇಲ್ಲದೆ ಹತ್ತಿದ್ದು ಅವನ ತಪ್ಪೂ ಹೌದು, ಅವನ ಕೆಲಸ ಕಾಯಂ ಆಗಿ ಎರಡೇ ವರ್ಷವಾಗಿದೆ. ಅವನದನ್ನು ಮಾತ್ರ ಹಿಂದೆ ಕೊಡಿ ಎಂದು ಕೈ ಚಾಚಿದೆ.

"ಇರ್ಲಿ ಬಿಡ್ರಿ ಅಕ್ಕಾರ," ಎಂದ ಜಾವೀದ. ಸಾಹೇಬರ ಕಡೆ ತಿರುಗಿದ. "ಮ್ಯಾಲ ಹತ್ತಾಂವ ನಾ ಅದೀನ್ರಿ ಸಾಹೇಬ್ರ. ಇದನ್ನ ಹರದ್ರ ಅಕ್ಕಾರ ನಾಳೆನೂ ಹನ್ನೆರಡ ತಾಸ ಕೂಡ್ತಾರ. ನಾ ನಾಳೆನೂ ಹತ್ತತೀನಿ."

ಸಾಹೇಬರು ಬಹಳ ಹೊತ್ತು ಹಾಳೆಗಳನ್ನು ಜೋಡಿಸುತ್ತ ಕೂತರು. ಆಮೇಲೆ ಎರಡರ ಮೇಲೂ ಸ್ವೀಕರಿಸಿದ ಮುದ್ರೆ ಒತ್ತಿದರು. ಸಮ್ರೀನ ಮೇಡಂಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಅವರಿಗೂ ಎಲ್ಲ ಹೇಳಿದೆ. ಸುಳ್ಳು ಅಂಕಿ ಕೊಟ್ಟು ನಿಮ್ಮ ಕೆಲಸ ಕೆಡಿಸಿದೆ ಎಂದೆ. ಅವರು, ರಾತ್ರಿ ನಿದ್ದೆ ಬರುತ್ತಿದೆಯೇ ಎಂದು ಕೇಳಿದರು.

26 ಮಾರ್ಚ್

ಆದೇಶ ಬಂದಿದೆ. ವಿಚಾರಣೆ ಮುಗಿಯುವವರೆಗೆ ನನಗೆ ಬಬಲೇಶ್ವರದ ಆಫೀಸಿನಲ್ಲಿ ಕಾಗದಪತ್ರದ ಕೆಲಸ, ಸ್ವಿಚ್ಚು ಮುಟ್ಟುವಂತಿಲ್ಲ. ಜಾವೀದನಿಗೆ ಎಚ್ಚರಿಕೆ ಪತ್ರ. ಯಲಗೂರಪ್ಪ ನಾಳೆ ತಿರುಗಿ ಬರುತ್ತಾನೆ, ಅವನೊಂದಿಗೆ ಇನ್ನೊಬ್ಬ. ಯಾರಿಗೂ ಎಂಟು ತಾಸಿಗಿಂತ ಹೆಚ್ಚು ಹಾಕಬಾರದೆಂದು ಬರೆದಿದ್ದಾರೆ. ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ಇವತ್ತು ಯಾರೂ ಇರಲಿಲ್ಲವಾದ್ದರಿಂದ, ಎರಡರವರೆಗೆ ನೀವೇ ನಿಭಾಯಿಸಿ ಎಂದು ಸಾಹೇಬರು ಬೇಡಿಕೊಂಡರು.

ಹತ್ತೂ ನಲವತ್ತಕ್ಕೆ ಜಾವೀದ ಫೋನ್ ಮಾಡಿದ. ಹೇಳಪಾ ಎಂದೆ. ದನಿ ಬೇಕೆಂದೇ ತಿದ್ದಿಕೊಂಡಿದ್ದೆ, ಅವನಿಗೂ ತಿಳಿದಿರಬೇಕು. ಕನಮಡಿ ಲೈನಿಗೆ ಎಲ್.ಸಿ. ಕೇಳಿದ. ಕೊಟ್ಟೆ. ಕೆಲಸ ಮುಗಿದ ಮೇಲೆ ಫೋನ್ ಬೇಡ, ಗಾಡಿ ತಗೊಂಡು ನೀನೇ ಬಂದು ಸಹಿ ಹಾಕು ಎಂದೆ. ದೂರದ ಊರಿಗೆ ನಾವು ಹಾಗೆ ಮಾಡಿದ್ದೇ ಇಲ್ಲ.

ಕರೆಗಳು ಶುರುವಾದವು. ಮೊದಲನೆಯವನಿಗೆ, ರಿಪೇರಿ ನಡೆದಿದೆ ಎಂದೆ, ಯಾವಾಗಲೂ ಹೇಳುವ ಹಾಗೆ. ಬೈದು ಇಟ್ಟ. ಎರಡನೆಯವನಿಗೆ ಏಕೋ ಬೇರೆ ಮಾತು ಬಂತು.

"ಕಂಬದ ಮ್ಯಾಲ ಮನಶ್ಯಾ ಅದಾನ್ರಿ. ಜಾವೀದ ಅಂತ."

"ಯಾವ ಜಾವೀದ? ಟಿಕೋಟಾದಾಂವಾ?"

"ಹೂನ್ರಿ."

"ಹಂಗಾರ ಇಳೀಲಿ ಬಿಡ್ರಿ," ಎಂದ.

ಆಮೇಲೆ ಎಲ್ಲರಿಗೂ ಅದನ್ನೇ ಹೇಳಿದೆ. ಬೈಯುವವರು ಬೈದರು, ಹೆಸರು ಕೇಳಿ ಬಾಯಿ ಮುಚ್ಚಿದವರೇ ಹೆಚ್ಚು. ಇಷ್ಟು ವರ್ಷ ಲೈನಿನ ಹೆಸರು ಹೇಳಿದ್ದೇನೆ, ಟೈಮು ಹೇಳಿದ್ದೇನೆ, ಅವನ ಹೆಸರು ಒಮ್ಮೆಯೂ ಹೇಳಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಜಾವೀದ ಬಂದ, ಮೈಯೆಲ್ಲ ಧೂಳು, ಉಪವಾಸದಿಂದ ತುಟಿ ಒಣಗಿತ್ತು. ಪುಸ್ತಕದಲ್ಲಿ ಸಹಿ ಹಾಕಿದ. ಎರಡು ಸಲ ಓದಿದೆ. ಫಲಕ ತೆಗೆದೆ. ಹಿಡಿಕೆ ಹಾಕಿ ತಿರುಗಿಸತೊಡಗಿದೆ. ಹದಿನೆಂಟಕ್ಕೆ ಬಂದಾಗ ಕೈ ನಿಂತುಬಿಟ್ಟಿತು, ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ಅವನು ಹತ್ತಿರ ಬಂದ. "ನಾ ತಿರಗಿಸಲೇನ್ರಿ ಅಕ್ಕಾರ?"

"ಬ್ಯಾಡ," ಎಂದೆ. "ನೀ ನನಗ ಕಾಣೂವಂಗ ಇಲ್ಲೇ ನಿಂದ್ರು."